ಉಗುರು ಬೆಚ್ಚಗಿನ ನೆಲ

ನಮ್ಮ ಮನೆಯವರು ಕುಣಿದದ್ದನ್ನು ನಾನು ನೋಡಿದ್ದು ಒಂದೇ ಒಂದು ಸಲ. ಮದುವೆಯಲ್ಲಲ್ಲ (ಅಲ್ಲಿ ಹಂದರದ ಕಂಬದ ಹಾಗೆ ನಿಂತಿದ್ದರು). ಗಣಪತಿ ಕಳಿಸುವ ಮೆರವಣಿಗೆಯಲ್ಲೂ ಅಲ್ಲ. ಮೇ ತಿಂಗಳ ಒಂದು ಶನಿವಾರ, ನಡು ಮಧ್ಯಾಹ್ನ, ನಮ್ಮ ಬಿಲ್ಡಿಂಗಿನ ಸ್ವಿಮ್ಮಿಂಗ್ ಪೂಲಿನ ಪಕ್ಕದಲ್ಲಿ. ಬೂಟು, ಸಾಕ್ಸು ಕಳಚಿಟ್ಟು, ಪ್ಯಾಂಟು ಮಡಚಿ, "ಹೊಯ್, ಹೊಯ್, ಹೊಯ್" ಎನ್ನುತ್ತಾ.

ತಾಳ ಹಾಕಿದ್ದು ಕುವೈತಿನ ಬಿಸಿಲು.

ಬೂಟು ಯಾಕೆ ಕಳಚಿದರು ಎಂದು ಕೇಳುತ್ತೀರಾ? ಪೂಲಿನ ಆ ಕಡೆ ಹೊಸ ನೆಲದ ಸ್ಯಾಂಪಲ್ ಹಾಕಿದ್ದರು. ಹೊಸ ನೆಲವನ್ನು ಬೂಟುಗಾಲಿನಲ್ಲಿ ತುಳಿಯಲು ನಮ್ಮ ಗದಗಿನವರಿಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಗೇಟಿನ ಬಳಿಯೇ ಬೂಟು ಬಿಟ್ಟರು, ಗುಡಿಗೆ ಬಂದವರ ಹಾಗೆ. ಗೇಟಿನಿಂದ ಸ್ಯಾಂಪಲ್ಲಿನ ತನಕ ಇದ್ದದ್ದು ಮಾತ್ರ ಹಳೆಯ ಕಪ್ಪು ಟೈಲ್ಸು. ಅದು ಅವರ ನೆನಪಿಗೆ ಬರುವಷ್ಟರಲ್ಲಿ ಅರ್ಧ ದಾರಿ ಬಂದಾಗಿತ್ತು. ಹಿಂದೆ ಹೋದರೂ ಸುಡುತ್ತದೆ, ಮುಂದೆ ಹೋದರೂ ಸುಡುತ್ತದೆ. ಕುಣಿಯದೆ ಏನು ಮಾಡುತ್ತಾರೆ, ಪಾಪ?

ನಮ್ಮವರ ಹೆಸರು ಬಸವರಾಜ. ಇಲ್ಲಿನ ಒಂದು ಕಂಪನಿಯಲ್ಲಿ ಸಿವಿಲ್ ಎಂಜಿನಿಯರ್. ನಾವಿರುವುದು ಫಿಂಟಾಸಿನಲ್ಲಿ, ಸಮುದ್ರದ ಗಾಳಿ ಬರುವ ಬಿಲ್ಡಿಂಗಿನಲ್ಲಿ (ಗಾಳಿ ಬರುತ್ತದೆ, ತಂಪು ಬರುವುದಿಲ್ಲ). ಬಿಲ್ಡಿಂಗಿನ ಯಜಮಾನಿ ಉಮ್ ಖಾಲಿದ್, ಅಂದರೆ ಖಾಲಿದನ ಅಮ್ಮ. ಹಿರಿಯ ಹೆಂಗಸು, ಬೆರಳ ತುದಿಗೆ ಸದಾ ಮೆಹಂದಿ. ಪಕ್ಕದ ವಿಲ್ಲಾದಲ್ಲಿ ಇದ್ದುಕೊಂಡೇ ನಮ್ಮ ಯಾವ ಫ್ಲ್ಯಾಟಿನ ಎಸಿ ಸೋರುತ್ತಿದೆ ಎಂದು ಹೇಳಬಲ್ಲವರು. ನಮ್ಮವರನ್ನು ಆಕೆ ಹೆಸರು ಹಿಡಿದು ಕರೆಯುವುದೇ ಇಲ್ಲ. 'ಮುಹಂದಿಸ್' ಎನ್ನುತ್ತಾರೆ. ಅರಬ್ಬಿಯಲ್ಲಿ ಎಂಜಿನಿಯರ್ ಎಂದು. ಆ ಒಂದು ಶಬ್ದಕ್ಕೆ ನಮ್ಮವರು ನಲ್ಲಿ ರಿಪೇರಿಯನ್ನೂ ಬಿಟ್ಟಿ ಮಾಡಿಕೊಡುತ್ತಾರೆ.

ಈ ಬಿಲ್ಡಿಂಗಿಗೆ ಇರುವ ಒಂದೇ ಸುಖ ಆ ಪೂಲು. ಮರುಭೂಮಿಯಲ್ಲಿ ಪೂಲು ಇದ್ದರೆ ಸ್ವರ್ಗ ಎಂದು ಊರಿನವರು ತಿಳಿದಿದ್ದಾರೆ. ಆದರೆ ಪೂಲಿನ ಕಷ್ಟ ಇರುವುದು ನೀರಿನಲ್ಲಲ್ಲ, ನೀರಿಗೆ ಹೋಗುವ ದಾರಿಯಲ್ಲಿ. ಕಪ್ಪು ಟೈಲ್ಸು ಬೆಳಗಿನಿಂದ ಬಿಸಿಲು ಕುಡಿದು ಕಾದಿರುತ್ತದೆ. ಚಪ್ಪಲಿಯಲ್ಲಿ ಹೋಗಿ ಎಂದು ಬೋರ್ಡು ಇದೆ. ಯಾವ ಮಗು ಬೋರ್ಡು ಓದುತ್ತದೆ? ಮಕ್ಕಳು ಓಡುತ್ತವೆ. ಒದ್ದೆ ಟೈಲ್ಸಿನ ಮೇಲೆ ಓಡಿದರೆ ಜಾರುತ್ತವೆ. ಏಪ್ರಿಲ್‌ನಲ್ಲಿ ಕೆಳಗಿನ ಮಹಡಿಯ ಹುಡುಗಿಯೊಬ್ಬಳು ಹಾಗೇ ಜಾರಿಬಿದ್ದು ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡಳು.

ಉಮ್ ಖಾಲಿದ್ ಅಂದೇ ತೀರ್ಪು ಕೊಟ್ಟರು. "ಪೂಲ್ ಖಲಾಸ್. ಮಣ್ಣು ತುಂಬಿಸಿ ಪಾರ್ಕಿಂಗ್ ಮಾಡುತ್ತೇನೆ."

ನನ್ನ ಮಗಳು ಗೌರಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅವಳ ಸಂಕಟ ನಿಮಗೆ ಗೊತ್ತಾಗಬೇಕಾದರೆ ಇಷ್ಟು ಹೇಳಬೇಕು. ಗೌರಿಗೆ ನೀರೆಂದರೆ ಹೆದರಿಕೆಯಿತ್ತು. ತಲೆಗೆ ತಂಬಿಗೆ ನೀರು ಸುರಿದರೂ ನನ್ನ ಸೀರೆ ಹಿಡಿದು ಚೀರುತ್ತಿದ್ದ ಮಗು. ಕಳೆದ ವರ್ಷ ಇಡೀ ಈ ಪೂಲಿನ ಅಂಚಿಗೆ ಅಂಟಿಕೊಂಡು, ಅಪ್ಪನ ಕೈ ಹಿಡಿದು, ಆಮೇಲೆ ಬಿಟ್ಟು, ಕೊನೆಗೊಂದು ದಿನ ಆ ದಡದಿಂದ ಈ ದಡಕ್ಕೆ ತಾನೇ ಬಂದಳು. ಈ ಬೇಸಿಗೆಯಲ್ಲಿ ಡೈವ್ ಕಲಿಯುವುದೆಂದು ಮೊದಲೇ ಘೋಷಣೆಯಾಗಿತ್ತು. ಇಲ್ಲಿ ಜೂನ್ ಬಂದರೆ ಮಕ್ಕಳಿಗೆ ಬೀದಿಯಿಲ್ಲ, ಮೈದಾನವಿಲ್ಲ. ಪೂಲೂ ಹೋದರೆ ಉಳಿಯುವುದು ಎಸಿ, ಸೋಫಾ, ಮೊಬೈಲು.

ಇವರು ಉಮ್ ಖಾಲಿದ್ ಹತ್ತಿರ ಹೋಗಿ ನಿಂತರು. ಪೂಲಿನ ತಪ್ಪಲ್ಲ, ನೆಲದ ತಪ್ಪು, ಟೈಲ್ಸಿನ ಮೇಲೆ ಬೇರೆ ಕೋಟಿಂಗ್ ಹಾಕಿಸೋಣ ಎಂದರು. ಆಕೆ, "ಒಂದೇ ಚಾನ್ಸ್, ಮುಹಂದಿಸ್. ನೀನೇ ಆರಿಸು. ಸುಡಬಾರದು, ಜಾರಬಾರದು. ಇಲ್ಲದಿದ್ದರೆ ಪಾರ್ಕಿಂಗ್" ಎಂದರು.

ಹಾಗೆ ಬಂದದ್ದು ಆ ಶನಿವಾರ, ಆ ಮೂರು ಸ್ಯಾಂಪಲ್ಲು, ಆ ಕುಣಿತ.

ಕಂಟ್ರಾಕ್ಟರ್ ಪೂಲಿನ ಪಕ್ಕ ಮೂರು ಚೌಕಗಳನ್ನು ಹಾಕಿಸಿ ಒಣಗಿಸಿದ್ದ. ಮೊದಲನೆಯದು ನೀಲಿ ಎಪಾಕ್ಸಿ, ಕಾರ್ ಶೋರೂಮಿನ ನೆಲದ ಹಾಗೆ ಫಳಫಳ. ಎರಡನೆಯದು ಅಚ್ಚ ಬಿಳಿ ಬಣ್ಣ. ಮೂರನೆಯದು ಮರಳಿನ ಬಣ್ಣದ್ದು. ಸಿಮೆಂಟಿಗೆ ಅಕ್ರಿಲಿಕ್ ಕಲಸಿ, ಹನಿಹನಿಯಾಗಿ ಸಿಂಪಡಿಸಿ, ಮೇಲೆ ಕರಣಿಯಿಂದ ಹಗುರಾಗಿ ಒತ್ತಿದ್ದು. ನೋಡಲು ಜೋಳದ ರೊಟ್ಟಿಯ ಮೈಯ ಹಾಗೆ ಉಬ್ಬುತಗ್ಗು.

ಎಪಾಕ್ಸಿಯನ್ನು ಇವರು ನಿಂತಲ್ಲೇ ಕೈಬಿಟ್ಟರು. ಒಳಾಂಗಣಕ್ಕೆ ಚೆಂದ, ಈ ಬಿಸಿಲಿಗೆ ಹಳದಿಯಾಗಿ ಪುಡಿಯೇಳುತ್ತದೆ, ನೀರು ಬಿದ್ದರೆ ಬೆಣ್ಣೆ. ಉಳಿದದ್ದು ಬಿಳಿ ಮತ್ತು ಮರಳು. ಇವರು ಜೇಬಿನಿಂದ ತಾಪ ನೋಡುವ ಪಿಸ್ತೂಲು ತೆಗೆದರು (ಕೋವಿಡ್ ಕಾಲದಲ್ಲಿ ನಮ್ಮೆಲ್ಲರ ಹಣೆಗೆ ಗುರಿಯಿಟ್ಟಿದ್ದರಲ್ಲ, ಅದರ ಅಣ್ಣ). ಎರಡಕ್ಕೂ ಹಿಡಿದರು. ಕೂದಲೆಳೆಯಷ್ಟು ಅಂತರದಲ್ಲಿ ಬಿಳಿ ಗೆದ್ದಿತು.

"ಬಿಳೀದ ಛಲೋ ಐತಿ. ನಮ್ಮೂರಾಗ ಬ್ಯಾಸಿಗಿಗೆ ಮಾಳಿಗಿ ಮ್ಯಾಲೆ ಸುಣ್ಣ ಬಳೀತಿದ್ದಿಲ್ಲೇನು? ಅದ ಲೆಕ್ಕ" ಎಂದರು.

"ಮಾಳಿಗಿ ಮ್ಯಾಲೆ ಯಾರ್ರೀ ಈಜ್ತಾರ?" ಎಂದೆ ನಾನು.

ಆಗ ನಡುವೆ ಬಂದವರು ಮೂರನೇ ಮಹಡಿಯ ಶೆಟ್ಟರು. ಉಡುಪಿ ಕಡೆಯವರು, ಇಲ್ಲಿ ಹೋಟೆಲೊಂದರ ಅಡುಗೆಮನೆಯ ಮುಖ್ಯಸ್ಥರು. "ಎಂಥ ಮಾರಾಯ್ರೆ, ಆ ಪಿಸ್ತೂಲಿಗೆ ಎಂಥ ಗೊತ್ತುಂಟು? ಕಾವಲಿ ಕಾದದ್ದು ನೋಡ್ಲಿಕ್ಕೆ ನಾವು ಮೀಟರ್ ಹಿಡೀತೇವಾ?" ಎನ್ನುತ್ತಾ ಪೂಲಿನಿಂದ ಬೊಗಸೆ ನೀರು ತೆಗೆದು ಎರಡೂ ಚೌಕಗಳ ಮೇಲೆ ಚಿಮುಕಿಸಿದರು. ದೋಸೆ ಹುಯ್ಯುವ ಮೊದಲು ಮಾಡುತ್ತಾರಲ್ಲ, ಅದೇ ಕೈ. ಆಮೇಲೆ ಬಗ್ಗಿ ಕಿವಿಗೊಟ್ಟರು.

ನಾವೂ ಬಗ್ಗಿದೆವು. ಏನೂ ಕೇಳಿಸಲಿಲ್ಲ.

"ದೋಸೆ ಏಳುದಿಲ್ಲ. ಎರಡೂ ಪಾಸ್" ಎಂದು ಶೆಟ್ಟರು ವರದಿ ಕೊಟ್ಟರು.

ಉಮ್ ಖಾಲಿದ್ ಕೊಡೆ ಹಿಡಿದು ನಿಂತು ಈ ಕನ್ನಡಿಗರ ಸರ್ಕಸ್ ನೋಡುತ್ತಿದ್ದರು. ಅವರ ತಾಳ್ಮೆ ಕರಗುತ್ತಿತ್ತು. ಕಾಲಿಟ್ಟು ನೋಡೋಣವೆಂದರೆ ದೊಡ್ಡವರ ಕಾಲು ನಂಬಿಕೆಗೆ ಯೋಗ್ಯವಲ್ಲ. ಇವರ ಅಂಗಾಲು ಆಗಲೇ ಕೆಂಪಾಗಿ ಎಲ್ಲವೂ ಒಂದೇ ಎನ್ನುತ್ತಿತ್ತು. ನನ್ನ ಹಿಮ್ಮಡಿ ಒಡೆದ ಹೊಲ. ಒಲೆಯ ಮುಂದೆ ನಿಂತು ನಿಂತು ತಮ್ಮ ಕಾಲಿಗೆ ಬಿಸಿ, ತಂಪು ಒಂದೇ ಎಂದು ಶೆಟ್ಟರು ತಾವೇ ಒಪ್ಪಿಕೊಂಡರು.

"ಮಕ್ಕಳಿಗಾಗಿ ತಾನೇ ಈ ನೆಲ? ಮಗುವನ್ನು ಕೇಳಿ" ಎಂದರು ಉಮ್ ಖಾಲಿದ್.

ಗೌರಿ ಚಪ್ಪಲಿ ಬಿಟ್ಟು ಮೊದಲು ಬಿಳಿಯ ಮೇಲೆ ನಿಂತಳು. "ಹಾಟ್" ಎಂದಳು. ಮರಳಿನ ಬಣ್ಣದ ಮೇಲೆ ನಿಂತಳು. "ಹಾಟ್" ಎಂದಳು. ಮತ್ತೆ ಬಿಳಿಗೆ ಹೋದಳು. "ದಿಸ್ ಈಸ್ ಆಲ್ಸೋ ಹಾಟ್."

ಉಮ್ ಖಾಲಿದ್ ಕೊಡೆ ಮಡಚಿದರು. "ಹಾಟ್, ಹಾಟ್, ಹಾಟ್. ಖಲಾಸ್, ಮುಹಂದಿಸ್. ಪಾರ್ಕಿಂಗ್."

ಇವರ ಮುಖ ಬಾಡಿತು. ಗೌರಿಗೆ ತನ್ನ ಬಾಯಿಂದಲೇ ಪೂಲು ಮುಚ್ಚುತ್ತಿದೆ ಎಂದು ಹೊಳೆದು ಕಣ್ಣು ತುಂಬಿ ಬಂತು.

ಇಲ್ಲಿ ಒಂದು ಮನೆಯ ಮಾತು ಹೇಳಬೇಕು. ಗೌರಿಗೆ ಕನ್ನಡ ಎಲ್ಲ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಊಟಕ್ಕ ಬಾ" ಎಂದರೆ "ಕಮಿಂಗ್". "ಯಾಕ ಅಳಾಕತ್ತಿ?" ಎಂದರೆ "ನಥಿಂಗ್". ಗಲ್ಫಿನಲ್ಲಿ ಮಕ್ಕಳನ್ನು ಬೆಳೆಸುವ ನಿಮ್ಮಲ್ಲಿ ಹಲವರಿಗೆ ಇದು ಹೊಸದಲ್ಲ. ಜಾಬ್ರಿಯಾದಲ್ಲಿ ನರ್ಸ್ ಆಗಿರುವ ನನ್ನ ಗೆಳತಿ ಸುನಂದಾ ಸಿಕ್ಕಾಗಲೆಲ್ಲ ಕೇಳುತ್ತಾಳೆ, "ಶುಕ್ರವಾರ ಕೂಡ್ರಿಸಿ ಕನ್ನಡ ಕಲಸ್ತೀಯಲ್ಲ, ಇಲ್ಲೇ ಅದರ ಉಪಯೋಗರ ಏನೈತಿ?" ನಾನು ಸಂಸ್ಕೃತಿ, ಬೇರು ಎಂದು ಏನೇನೋ ಹೇಳುತ್ತೇನೆ. ಅವಳು ನಗುತ್ತಾಳೆ. ಹೇಳುವಾಗ ನನಗೂ ಒಳಗೊಳಗೆ ಅನುಮಾನವೇ.

ಅವತ್ತು ನನಗೆ ಸಿಟ್ಟು ಬಂತು. ಮಗಳ ಮೇಲಲ್ಲ, ಆ 'ಹಾಟ್' ಮೇಲೆ. ಕಾದ ಹಂಚೂ ಹಾಟ್, ಚಹಾನೂ ಹಾಟ್, ಮೆಣಸಿನಕಾಯಿನೂ ಹಾಟ್. ಎಲ್ಲಕ್ಕೂ ಒಂದೇ ಶಬ್ದವಾದರೆ ಪಾಪ, ಕಾಲು ಹೇಳಿದ್ದು ಬಾಯಿಗೆ ಹೇಗೆ ಬರಬೇಕು?

ನಾನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ. "ಗೌರಿ, ಇಂಗ್ಲಿಷ್ ಬಿಡು. ಅವಸರ ಮಾಡಬ್ಯಾಡ. ಸುಡತೈತೋ, ಚುರುಗುಡತೈತೋ, ಬೆಚ್ಚಗೈತೋ? ಮನ್ಯಾಗ ಹೆಂಗ ಹೇಳ್ತೀವಿ, ಹಂಗ ಹೇಳು."

ಅವಳು ಕಣ್ಣೊರೆಸಿಕೊಂಡು ಬಿಳಿಯ ಮೇಲೆ ನಿಂತಳು. ಕಣ್ಣು ಮುಚ್ಚಿದಳು. "ಅಮ್ಮಾ, ಇದು ಚುರ್ ಅಂತೈತಿ" ಎಂದು ಕಾಲು ಎತ್ತಿಕೊಂಡಳು.

ಮರಳಿನ ಬಣ್ಣದ ಮೇಲೆ ಹೋದಳು. ನಿಂತಳು. ನಿಂತೇ ಇದ್ದಳು. ಬೆರಳುಗಳನ್ನು ಅಗಲಿಸಿದಳು, ಮಡಚಿದಳು. ಆಮೇಲೆ ಮೆಲ್ಲಗೆ, ಅಲ್ಲಿ ಇಲ್ಲಿ ಹುಡುಕಿ ತಂದವಳ ಹಾಗೆ, "ಇದು ಉಗುರ ಬೆಚ್ಚಗ ಐತಿ" ಎಂದಳು.

ಉಗುರು ಬೆಚ್ಚಗೆ! ಎಲ್ಲಿಂದ ಬಂತು ಈ ಮಾತು? ಶನಿವಾರದ ಎಣ್ಣೆಸ್ನಾನದಿಂದ. ತಲೆಗೆ ಹಚ್ಚುವ ಎಣ್ಣೆ ಕಾಸಿ, ಬೆರಳ ತುದಿ ಅದ್ದಿ ನೋಡಿ, "ಸುಡಂಗಿಲ್ಲ, ಉಗುರ ಬೆಚ್ಚಗ ಐತಿ, ಬಾ" ಎಂದು ನಾನು ಪ್ರತಿ ವಾರ ಕರೆಯುತ್ತೇನೆ. ಅವಳು ಪ್ರತಿ ವಾರ "ನೋ ಅಮ್ಮಾ" ಎಂದು ಓಡುತ್ತಾಳೆ. ಓಡುವಾಗಲೂ ಮಾತು ಕಿವಿಗೆ ಬಿದ್ದಿತ್ತು.

"ಶಿನು ಹಾಧಾ?" ಎಂದರು ಉಮ್ ಖಾಲಿದ್. ಮಗು ಹೇಳಿದ್ದೇನು ಎಂದು.

ನಾನು ಅನುವಾದ ಮಾಡಹೊರಟು ಎಡವಿದೆ. "ಮಾಮಾ, ಶಿ ಸೇಸ್... ನೇಲ್ ವಾರ್ಮ್" ಎಂದೆ (ಇಲ್ಲಿ ಮಾಮಾ ಎಂದರೆ ಅಮ್ಮ, ಯಜಮಾನಿಯನ್ನು ಕರೆಯುವುದೇ ಹಾಗೆ). ಆಕೆ ತಮ್ಮ ಮೆಹಂದಿಯ ಉಗುರುಗಳನ್ನು ನೋಡಿಕೊಂಡರು. ನನ್ನನ್ನು ನೋಡಿದರು. ನಾನು ಬೇರೆ ದಾರಿಯಿಲ್ಲದೆ ಎಣ್ಣೆ, ಬೆರಳು, ಮಗುವಿನ ತಲೆ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಅಭಿನಯದ ನಡುವೆ ಆಕೆಯ ಮುಖ ಅರಳಿತು. ಅವರಮ್ಮನೂ ಹಾಗೆಯೇ ಎಣ್ಣೆ ಕಾಸುತ್ತಿದ್ದರಂತೆ!

ಆಮೇಲೆ ಆ ಹಿರಿಯ ಹೆಂಗಸು ಒಂದು ಕೆಲಸ ಮಾಡಿದರು. ಚಿನ್ನದ ಬಕಲಿನ ಚಪ್ಪಲಿ ಕಳಚಿ, ನನ್ನ ಭುಜ ಹಿಡಿದು, ಬಿಳಿಯ ಮೇಲೆ ಒಂದು ಕಾಲಿಟ್ಟು ತಕ್ಷಣ ತೆಗೆದರು. "ಹಾರ್" ಎಂದರು. ಮರಳಿನ ಬಣ್ಣದ ಮೇಲೆ ಎರಡೂ ಕಾಲು ಇಟ್ಟು ನಿಂತರು. "ಲಾ, ಲಾ. ಇದು ಹಾರ್ ಅಲ್ಲ. ಇದು ದಾಫಿ" ಎಂದರು. ಹಾರ್ ಎಂದರೆ ಬಿಸಿ, ದಾಫಿ ಎಂದರೆ ಬೆಚ್ಚಗೆ. ನೋಡಿ, ಅವರ ಭಾಷೆಯಲ್ಲೂ ಎರಡಕ್ಕೆ ಎರಡು ಮಾತಿದೆ. ನಡುವೆ ನಿಂತು ಗೊಂದಲ ಮಾಡಿದ್ದು ಗೌರಿಯ ಆ ಒಂದೇ 'ಹಾಟ್'.

ಹಾಗಾದರೆ ಪಿಸ್ತೂಲು ಸುಳ್ಳು ಹೇಳಿತೇ? ಇಲ್ಲ. ನಮ್ಮವರು ಹಣೆ ಬಡಿದುಕೊಂಡು ಬಿಡಿಸಿ ಹೇಳಿದರು. ಬಿಳಿಯ ಮೈ ನುಣುಪು, ಇಡೀ ಅಂಗಾಲು ಅದಕ್ಕೆ ಅಂಟುತ್ತದೆ, ಇದ್ದ ಬಿಸಿಯೆಲ್ಲ ಒಮ್ಮೆಲೇ ಕಾಲಿಗೆ ದಾಟುತ್ತದೆ. ಉಬ್ಬುತಗ್ಗಿನ ನೆಲಕ್ಕೆ ಅಂಗಾಲು ಅಲ್ಲಲ್ಲಿ ಮಾತ್ರ ತಾಗುತ್ತದೆ, ತಗ್ಗಿನಲ್ಲಿ ಗಾಳಿ ಇರುತ್ತದೆ, ಬಿಸಿ ನಿಧಾನ ಏರುತ್ತದೆ. ಜೊತೆಗೆ ಜಾರುವುದಿಲ್ಲ, ಬಿಳಿಯ ಹಾಗೆ ಕಣ್ಣು ಕುಕ್ಕುವುದಿಲ್ಲ, ತೋಜ್ ಎಂಬ ಇಲ್ಲಿನ ಧೂಳುಗಾಳಿ ಎದ್ದ ಮರುದಿನವೂ ಕೊಳಕು ಕಾಣುವುದಿಲ್ಲ. "ಮರಳಿನ ಊರಾಗ ಮರಳಿನ ಬಣ್ಣಾನ ಖರೇ" ಎಂದು ಸುಣ್ಣವನ್ನು ತಾವೇ ಬಿಟ್ಟುಕೊಟ್ಟರು. ಗಂಡಸು ತನ್ನ ಆಯ್ಕೆಯನ್ನು ಹತ್ತು ಜನರೆದುರು ನಗುತ್ತಾ ಬದಲಿಸುವುದನ್ನು ನೀವು ಎಷ್ಟು ಸಲ ನೋಡಿದ್ದೀರಿ? ನಾನು ನೋಡಿದೆ. ನನಗೆ ಹೆಮ್ಮೆಯಾಯಿತು.

ಆಮೇಲೆ ಅವರು ಕೆಲಸ ಮಾಡಿಸಿದ ರೀತಿಗೂ ಹೆಮ್ಮೆಯಾಯಿತು. ಹಳೆಯ ಟೈಲ್ಸಿನ ನುಣುಪು ತೆಗೆಸಿ, ಟೊಳ್ಳಾದವನ್ನು ಕೀಳಿಸಿ, ನೀರು ಪೂಲಿಗೆ ವಾಪಸ್ ಬರದೆ ಚರಂಡಿಗೆ ಹರಿಯುವಂತೆ ಇಳಿಜಾರು ಸರಿಮಾಡಿಸಿದರು. ಬಿಸಿಲೇರಿದರೆ ಕಲಸಿದ್ದು ಬಕೆಟಿನಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ದಿನವೂ ನಸುಕಿನಲ್ಲಿ ಕೆಲಸ, ಬಿಸಿಲು ಬರುವಷ್ಟರಲ್ಲಿ ಬಂದ್. ಆಫೀಸಿಗೆ ಹೋಗುವ ಮೊದಲು ಇವರು ದಿನಾ ಹೋಗಿ ನೋಡುತ್ತಿದ್ದರು. ಬರಿಗಾಲಿನಲ್ಲಿ.

ಕಳೆದ ಶುಕ್ರವಾರ ಪೂಲು ತೆರೆಯಿತು. ಬಿಲ್ಡಿಂಗಿನ ಮಕ್ಕಳೆಲ್ಲ ಬಂದಿದ್ದವು. ಈಜಿಪ್ಟಿನವು, ಕೇರಳದವು, ಫಿಲಿಪ್ಪೀನ್ಸಿನವು. ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡ ಹುಡುಗಿಯೂ ಬಂದಳು. ಹೆದರಿ ಗೇಟಿನಲ್ಲೇ ನಿಂತಿದ್ದಳು. ಗೌರಿ ಅವಳ ಕೈ ಹಿಡಿದು, "ಕಮ್, ಇಟ್ಸ್ ಓನ್ಲಿ ಉಗುರ್ ಬೆಚ್ಚಗ" ಎಂದು ಕರೆದೊಯ್ದಳು. ಯಾರೂ ಓಡಲಿಲ್ಲ. ಓಡುವ ಅಗತ್ಯವೇ ಇರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಮಕ್ಕಳು ನಡೆದುಕೊಂಡು ನೀರಿಗೆ ಹೋದವು. ಸಂಜೆಯ ಹೊತ್ತಿಗೆ ಮಲಯಾಳಿ ಹುಡುಗ ಅದನ್ನು 'ಉಗ್ರ ಬೆಚ್ಚ' ಮಾಡಿದ್ದ. ಇರಲಿ, ಉಚ್ಚಾರ ಆಮೇಲೆ ತಿದ್ದೋಣ.

ಗೌರಿ ಅಂಚಿಗೆ ಬಂದು, ಹೊಸ ನೆಲದ ಮೇಲೆ ಬೆರಳೂರಿ, ಕೈ ಜೋಡಿಸಿ ಜಿಗಿದಳು. ಡೈವ್ ಅಲ್ಲ, ಹೊಟ್ಟೆ ಮೊದಲು ಬಿತ್ತು. ಇವರು ಚಪ್ಪಾಳೆ ತಟ್ಟಿದರು. ನಾನು ಶಿಳ್ಳೆ ಹಾಕಿದೆ (ಹೌದು, ನನಗೆ ಬರುತ್ತದೆ).

ಇಷ್ಟಕ್ಕೇ ಮುಗಿದಿದ್ದರೆ ನಾನು ಇಷ್ಟು ಜಂಬ ಕೊಚ್ಚುತ್ತಿರಲಿಲ್ಲ. ಉಮ್ ಖಾಲಿದ್ ತಂಗಿಯ ವಿಲ್ಲಾದಲ್ಲೂ ಒಂದು ಪೂಲಿದೆಯಂತೆ. ನಮ್ಮೆದುರೇ ಆಕೆ ಕಂಟ್ರಾಕ್ಟರನಿಗೆ ಫೋನ್ ಮಾಡಿದರು. ಕೋಟಿಂಗಿನ ಹೆಸರು ಆಕೆಗೆ ಗೊತ್ತಿಲ್ಲ, ಬೇಕೂ ಇಲ್ಲ. "ಸೇಮ್ ಸೇಮ್ ಫಿಂಟಾಸ್. ಉಗುರ್ ಬೆಚ್ಚಗ. ಯಲ್ಲಾ, ಬೇಗ" ಎಂದರು. ಆ ಕಡೆಯವನಿಗೆ ಅರ್ಥವೂ ಆಯಿತು!

ಸುನಂದಾ, ಕನ್ನಡದ ಉಪಯೋಗ ಏನು ಎಂದು ಕೇಳುತ್ತೀಯಲ್ಲ? ಮುಂದಿನ ಶುಕ್ರವಾರ ಬಾ, ಚಪ್ಪಲಿ ಗೇಟಿನ ಹೊರಗೇ ಬಿಟ್ಟು ಬಾ.