ಇಂಜಿನಿಯರ್ ದನಿಯಲ್ಲಿ ಕೊಂಡ ಟೈರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಭಾವನ ಮೋಟಾರ್ ಸೈಕಲ್ಲಿಗೆ ಯಾವ ಟೈರು ಹಾಕಿಸಬೇಕೆಂದು ಕೇಳಿಕೊಂಡು ಬಾ ಎಂದು ನನ್ನನ್ನು ಕಳಿಸಿದ್ದರು. ನಾನು ಕೇಳಲೇ ಇಲ್ಲ, ಆದರೂ ಮನೆಗೆ ಬಂದು ಉತ್ತರ ಹೇಳಿದೆ. ಸುಳ್ಳನ್ನು ಎಲ್ಲರೂ ತಮ್ಮ ತಮ್ಮ ದನಿಯಲ್ಲಿ ಹೇಳುತ್ತಾರೆ. ನಾನು ಅದನ್ನೂ ಇನ್ನೊಬ್ಬರ ದನಿಯಲ್ಲಿ ಹೇಳಿದೆ.

ಆಗ ಇಂಟರ್ಮೀಡಿಯೆಟ್ಟಿನಲ್ಲಿ ಡುಮ್ಕಿ ಹೊಡೆದು ಮೈಸೂರಿನ ಅಕ್ಕನ ಮನೆಯಲ್ಲಿ ಕೂತಿದ್ದೆ. ಊರಿನಲ್ಲಿ ನನಗಿದ್ದ ಒಂದೇ ಉದ್ಯೋಗವೆಂದರೆ ಕಂಡಕಂಡವರನ್ನು ಅಣಕಿಸುವುದು. ಹಾಲಿನವಳನ್ನು ಮಾಡುತ್ತಿದ್ದೆ, ಜಟಕಾದವನನ್ನು ಮಾಡುತ್ತಿದ್ದೆ, ಕೇಳಿದರೆ ಅವನ ಕುದುರೆಯನ್ನೂ ಮಾಡುತ್ತಿದ್ದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅಕ್ಕ ಸೌಟು ಹಿಡಿದು ಯೋಚಿಸುವ ಮುಖವನ್ನು ಮಾಡಿದರೆ ಅಕ್ಕನೇ ಬಿದ್ದು ಬಿದ್ದು ನಗುತ್ತಿದ್ದಳು. ಪರೀಕ್ಷೆಯ ಫಲಿತಾಂಶದಲ್ಲಿ ನನ್ನ ನಂಬರು ಹುಡುಕುವ ನನ್ನ ಮುಖವನ್ನೂ ಮಾಡುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ನಗು ಬರುತ್ತಿದ್ದುದು ಅದಕ್ಕೇ.

ಭಾವ ರೇಷ್ಮೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಹಿನಕಲ್ಲು, ಹೂಟಗಳ್ಳಿ ಎಲ್ಲ ಆಗ ಅಪ್ಪಟ ಹಳ್ಳಿಗಳು. ಆ ಕಡೆಯ ಹಿಪ್ಪುನೇರಳೆ ತೋಟಗಳನ್ನೂ ಹುಳು ಸಾಕುವ ಮನೆಗಳನ್ನೂ ಸುತ್ತಿ ಬರುವುದು ಅವರ ಕೆಲಸ. ಅದಕ್ಕೆಂದೇ ಹಳೆಯ ಮೋಟಾರ್ ಸೈಕಲ್ಲೊಂದನ್ನು ಕೊಂಡಿದ್ದರು. ನೇರ ಓಡಿಸುವುದು ಬರುತ್ತಿತ್ತು, ತಿರುವಿನಲ್ಲಿ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ತಿರುವು ಕಂಡ ಕೂಡಲೇ ಒಂದು ಕಾಲನ್ನು ಚಾಚಿ, ಕೆರೆಗೆ ಇಳಿಯಲೋ ಬೇಡವೋ ಎಂದು ಅನುಮಾನಿಸುವ ಕೊಕ್ಕರೆಯ ಹಾಗೆ ನೆಲ ತಡವುತ್ತಿದ್ದರು. ಅದನ್ನೂ ನಾನು ಹಜಾರದಲ್ಲಿ ಮಾಡಿ ತೋರಿಸುತ್ತಿದ್ದೆ. ಭಾವ ನಗುತ್ತಿದ್ದರು. ಒಳಗೆ ನಾಟಿತ್ತು ಎಂಬುದು ನನಗೆ ಹೊಳೆಯಲಿಲ್ಲ.

ಊರಾಚೆ ವಿಮಾನ ಇಳಿಯುವ ಬಯಲಿತ್ತು. ವಿಮಾನಗಳಿಗಿಂತ ಕುರಿಗಳೇ ಅಲ್ಲಿ ಹೆಚ್ಚು. ಆಗೊಂದು ಈಗೊಂದು ಭಾನುವಾರ ಮೋಟಾರ್ ಸೈಕಲ್ ಹುಚ್ಚಿನವರು ಅಪ್ಪಣೆ ಪಡೆದು, ಅದರ ಗಟ್ಟಿ ನೆಲದ ಮೇಲೆ ಖಾಲಿ ಎಣ್ಣೆ ಪೀಪಾಯಿಗಳನ್ನಿಟ್ಟು, ಅವುಗಳ ಸುತ್ತ ಗಾಡಿ ಓಡಿಸುತ್ತಿದ್ದರು. ಭಾವನೂ ಅಲ್ಲಿಗೆ ಹೋಗಿ ಬರತೊಡಗಿದರು. ಅವರಿಗೆ ಯಾರನ್ನೂ ಸೋಲಿಸಬೇಕಾಗಿರಲಿಲ್ಲ. ಕಾಲು ಊರದೆ ಒಂದು ಸುತ್ತು ಬಂದರೆ ಸಾಕಾಗಿತ್ತು.

ಅಷ್ಟರಲ್ಲಿ ಗಾಡಿಯ ಟೈರುಗಳು ಸವೆದುಹೋದವು. ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತ ಭಾವ ಅಕ್ಕನಿಗೆ ಹೇಳಿದರು, "ಎರಡೂ ಬೋಳಾಗೋಗವೆ ಕಣೆ. ಮಾಮೂಲಿದು ಹಾಕ್ಸಿದ್ರೆ ದಿನಾ ಓಡಾಡೋಕಾಯ್ತು. ಬೆಂಗಳೂರಿನೋರೊಬ್ರು ರೇಸಿನ ಟೈರು ಕೊಡ್ತೀನಿ ಅಂದವ್ರೆ. ಮೆತ್ತನೆ ರಬ್ಬರು, ನೆಲ ಕಚ್ಚಿ ಹಿಡೀತದಂತೆ. ಎರಡು ಜೊತೆ ಇಟ್ಕೊಂಡು ವಾರ ವಾರ ಬದಲಾಯಿಸೋಕೆ ನಾನೇನು ಮಹಾರಾಜನ?"

"ಹೂಟಗಳ್ಳಿ ಕೆಸರಲ್ಲಿ ಬೀಳಿಸ್ದೇ ಇರೋದು ಯಾವ್ದೋ ಅದನ್ನ ಹಾಕ್ಸಿ. ಪೀಪಾಯಿ ಸುತ್ತೋದು ಆಮೇಲೆ," ಎಂದಳು ಅಕ್ಕ.

"ಎರಡಕ್ಕೂ ಆಗೋದು ಯಾವ್ದು ಅಂತ ಇಂಜಿನಿಯರ್ ಸಾಹೇಬ್ರು ಹೇಳ್ತಾರೆ. ಅವ್ರು ಹೇಳಿದ್ದೇ ಸರಿ. ಲೋ, ಸಂಜೆ ಓಗಿ ಕೇಳ್ಕೊಂಡ್ ಬಾರಯ್ಯ," ಎಂದು ನನ್ನ ಕಡೆ ತಿರುಗಿದರು.

ಲಕ್ಷ್ಮೀಪುರಂನ ಆ ನಿವೃತ್ತ ಇಂಜಿನಿಯರೇ ಭಾನುವಾರದ ಓಟಗಳ ಯಜಮಾನರು. ವಯಸ್ಸಿನಲ್ಲಿ ತಾವೂ ರೇಸು ಓಡಿಸಿದ್ದವರು. ಗಂಟಲು ಸರಿಮಾಡಿಕೊಂಡು "ಏನಪ್ಪಾ ಅಂದ್ರೆ" ಎಂದು ಶುರು ಮಾಡುತ್ತಿದ್ದರು. ನಡುವೆ, ಸೇತುವೆ ಭಾರ ತಡೆಯುತ್ತದೋ ಇಲ್ಲವೋ ಎಂದು ನೋಡುವವರಂತೆ ಸುಮ್ಮನಾಗುತ್ತಿದ್ದರು. ಕೊನೆಗೊಂದು "ತಿಳೀತೋ". ನನ್ನಂಥವನಿಗೆ ಹಬ್ಬದೂಟ.

ಆದರೆ ಅವರೆದುರು ನಿಲ್ಲುವ ಮುಖ ನನಗಿರಲಿಲ್ಲ. ಹಿಂದಿನ ವಾರವೇ ಹೋಟೆಲಿನಲ್ಲಿ ಗೆಳೆಯರ ಮುಂದೆ ಅವರನ್ನು ಮಾಡಿ ತೋರಿಸಿದ್ದೆ. ಗೆಳೆಯರು ಇದ್ದಕ್ಕಿದ್ದಂತೆ ನಗು ನಿಲ್ಲಿಸಿದ್ದು ಯಾಕೆಂದು ತಿರುಗಿ ನೋಡಿದರೆ, ಹಿಂದಿನ ಮೇಜಿನಲ್ಲಿ ಅವರೇ ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು, ಕೊಡೆ ಎತ್ತಿಕೊಂಡು, "ಕೊನೇ ತಿಳೀತೋನ ನೀನು ಸ್ವಲ್ಪ ಎಳೆದುಬಿಟ್ಟೆ ಕಣಪ್ಪ," ಎಂದು ಹೊರಟುಹೋಗಿದ್ದರು. ಬೈದಿದ್ದರೆ ಆ ಬೈಗುಳವನ್ನೂ ಅಣಕಿಸಿ ಮರೆತುಬಿಡುತ್ತಿದ್ದೆ.

ಆ ಸಂಜೆ ಅವರ ಮನೆಯ ಗೇಟಿನವರೆಗೂ ಹೋದೆ. ಗುಲಾಬಿ ಗಿಡಗಳಿಗೆ ನೀರು ಹಾಕುತ್ತಿದ್ದರು, ಬೆನ್ನು ಈ ಕಡೆಗಿತ್ತು. ಗೇಟಿನ ಚಿಲಕಕ್ಕೆ ಕೈ ಹಾಕಿದೆ. ಅವರು ಗಂಟಲು ಸರಿಮಾಡಿಕೊಂಡರು. ನಾನು ಓಟ ಕಿತ್ತೆ.

ಮನೆಗೆ ಬಂದು "ಸಿಗಲಿಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಕ್ಕ ಬಾಗಿಲಲ್ಲೇ, "ಏನಂದ್ರೋ?" ಎಂದಳು. ಆಕೆ ಕೇಳಿದ ಕೂಡಲೇ ನನ್ನ ಗಂಟಲು ತಾನಾಗಿ ಸರಿಹೋಯಿತು.

"ಏನಪ್ಪಾ ಅಂದ್ರೆ," ಎಂದೆ ಇಂಜಿನಿಯರ್ ದನಿಯಲ್ಲಿ. ಅವರ ಹಾಗೆ ನಡುವೆ ನಿಲ್ಲಿಸಿ ಸೇತುವೆ ನೋಡಿದೆ. "ಪೀಪಾಯಿ ಸುತ್ತೋರಿಗೆ ರೇಸ್ ಟೈರೇ ಸರಿ. ಬೀದಿ ಟೈರ್ ಹಾಕ್ಕೊಂಡು ಅಲ್ಲಿಗೆ ಬರೋದು, ಪಂಚೆ ಉಟ್ಕೊಂಡು ಕುಸ್ತಿ ಗರಡಿಗೆ ಇಳಿದ ಹಾಗೆ. ತಿಳೀತೋ."

ಮಾಮೂಲಿ ಟೈರು ಎಂದು ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಮಾಮೂಲಿ ಟೈರಿನ ಮೇಲೆ ನನಗೆ ತಮಾಷೆ ಹೊಳೆಯಲಿಲ್ಲ. ಅಷ್ಟೇ ಕಾರಣ.

"ಥೇಟ್ ಅವರೇ ಕಣೋ," ಎಂದು ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಭಾವ ಅಷ್ಟು ನಗಲಿಲ್ಲ.

"ಕೆಸರಲ್ಲಿ ಎಂಗಂತೆ? ಕೇಳಿದ್ಯಾ?"

ಕೇಳಿದ ದನಿಯಲ್ಲಿ ನಿಜವಾದ ಅಳುಕಿತ್ತು. ಸುಳ್ಳಿನಿಂದ ಕೆಳಗಿಳಿಯಲು ಅದೊಂದು ಒಳ್ಳೆಯ ಮೆಟ್ಟಿಲಾಗಿತ್ತು. ಆದರೆ ಅಕ್ಕನ ನಗು ಇನ್ನೂ ನಿಂತಿರಲಿಲ್ಲ. ನಾನು ಇನ್ನೊಮ್ಮೆ ಗಂಟಲು ಸರಿಮಾಡಿಕೊಂಡೆ. "ರೇಸಲ್ಲಿ ಹಿಡಿಯೋ ಟೈರು ಬೀದೀಲಿ ಬಿಡುತ್ತೇನಪ್ಪಾ?"

ಅಲ್ಲಿಗೆ ತೀರ್ಮಾನವಾಯಿತು. ಬೆಂಗಳೂರಿನ ಟೈರು ಬಂತು.

ಮುಂದಿನ ಭಾನುವಾರ ಭಾವ ಕಾಲು ಊರದೆ ಪೀಪಾಯಿಗಳನ್ನು ಸುತ್ತಿ ಬಂದರು. ಸಂತೋಷದಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ಅಡಿಗೆಮನೆಗೆ ನುಗ್ಗಿ ಅಕ್ಕನ ಕೈಲಿ ಬೈಸಿಕೊಂಡರು. "ಇನ್ಮೇಲೆ ಕೊಕ್ಕರೆ ಆಟ ಆಡ್ಬೇಡ ಕಣಯ್ಯ, ನಡೆಯಕ್ಕಿಲ್ಲ," ಎಂದು ನನ್ನ ಬೆನ್ನು ತಟ್ಟಿದರು. ನನ್ನ ಸುಳ್ಳಿಗೆ ಒಳ್ಳೆಯ ಫಲ ಸಿಕ್ಕಿತೆಂದು ಒಳಗೇ ಬೀಗಿದೆ.

ಆ ವಾರದಲ್ಲೇ ಮಳೆ ಹನಿಯಿತು. ಹಿನಕಲ್ಲು ದಾಟಿ ಹೂಟಗಳ್ಳಿಯ ಕಡೆ ಹೋಗುವಾಗ, ಎತ್ತಿನಗಾಡಿಗಳು ತುಳಿದ ಕೆಸರಿನ ತಿರುವೊಂದರಲ್ಲಿ ಭಾವ ಕಾಲು ಚಾಚಲಿಲ್ಲ. ಗಾಡಿ ಅವರ ಕೆಳಗಿನಿಂದ ಸಾಬೂನಿನ ಹಾಗೆ ಜಾರಿಹೋಯಿತು. ಅಂಥದೇ ಎತ್ತಿನಗಾಡಿಯೊಂದರಲ್ಲಿ ಅವರನ್ನು ಮಲಗಿಸಿಕೊಂಡು ಊರಿಗೆ ತಂದರು. ಭುಜದ ಮೂಳೆ ಮುರಿದಿತ್ತು. ತಿರುಗಾಟದ ಕೆಲಸವನ್ನು ಇಲಾಖೆಯವರು ಬೇರೊಬ್ಬರಿಗೆ ವಹಿಸಿದರು. ವಾಸಿಯಾದ ಮೇಲೆ ತಮಗೆ ವಾಪಸು ಕೊಡುತ್ತಾರೋ, ಕಚೇರಿಯ ಕುರ್ಚಿಯಲ್ಲೇ ಕೂರಿಸುತ್ತಾರೋ ಎಂಬುದೇ ಭಾವನಿಗೆ ಮೂಳೆಗಿಂತ ಹೆಚ್ಚಿನ ನೋವು. ಕುರ್ಚಿ ಕಂಡರೆ ಅವರಿಗಾಗುತ್ತಿರಲಿಲ್ಲ.

ಇಂಜಿನಿಯರು ಮೂಸಂಬಿ ಹಿಡಿದುಕೊಂಡು ನೋಡಲು ಬಂದರು. ನಾನು ಜಾರಿಕೊಳ್ಳುವ ಮೊದಲೇ ಅಕ್ಕ ಕಾಫಿ ತಂದಳು.

"ನೀವು ಹೇಳಿದ ಟೈರನ್ನೇ ಹಾಕ್ಸಿದ್ವು," ಎಂದಳು. "ಅವ್ರ ಹಣೇಲಿ ಹಂಗೆ ಬರ್ದಿತ್ತು. ನಿಮ್ಮ ತಪ್ಪೇನಿಲ್ಲ ಬುಡಿ."

ಮಾತಿನಲ್ಲಿ ಮರ್ಯಾದೆಯಿತ್ತು, ದನಿಯಲ್ಲಿ ಇರಲಿಲ್ಲ.

"ನಾನು ಹೇಳಿದೆನೆ? ಯಾವಾಗಮ್ಮ?"

"ಪಂಚೆ ಉಟ್ಕೊಂಡು ಗರಡಿಗೆ ಇಳಿದ ಹಾಗೆ ಅಂದ್ರಂತಲ್ಲ."

ಇಂಜಿನಿಯರು ನನ್ನ ಕಡೆ ತಿರುಗಿದರು. ಅಕ್ಕ ತಿರುಗಿದಳು. ಭಾವನಿಗೆ ಕತ್ತು ತಿರುಗಿಸಲು ಆಗುತ್ತಿರಲಿಲ್ಲ, ಕಣ್ಣು ಮಾತ್ರ ತಿರುಗಿಸಿದರು. "ಸಾಹೇಬ್ರು ಏನೂ ಹೇಳ್ಲಿಲ್ಲ. ನಾನು ಕೇಳೇ ಇರ್ಲಿಲ್ಲ," ಎಂದೆ. ಎಷ್ಟೋ ದನಿಗಳನ್ನು ಬಲ್ಲ ನನಗೆ ನನ್ನ ಸ್ವಂತ ದನಿ ಅಷ್ಟು ಸಣ್ಣಗಿದೆ ಎಂದು ಗೊತ್ತಿರಲಿಲ್ಲ.

ಅಕ್ಕ ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಇಂಜಿನಿಯರು ಭಾವನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. "ಮಾಮೂಲಿ ಟೈರೇ ಹಾಕಿಸಿ. ಭಾನುವಾರಕ್ಕೂ ಅದೇ ಸಾಕು. ಅದು ಸ್ವಲ್ಪ ಸ್ವಲ್ಪ ಜಾರಿ, ಹುಷಾರು ಅಂತ ಮೊದಲೇ ಹೇಳುತ್ತೆ. ಕಲಿಯೋರಿಗೆ ಅದು ಬೇಕು. ರೇಸಿನದು ಹಿಡಿಯೋ ತನಕ ಹಿಡಿದು ಒಂದೇ ಸಲ ಕೈ ಬಿಟ್ಟುಬಿಡುತ್ತೆ. ಅದೂ ಕೆಸರಲ್ಲಿ ಬಿಡೋದೇ ಹೆಚ್ಚು." ಅಲ್ಲಿಗೆ ನಿಲ್ಲಿಸಿದರು. "ತಿಳೀತೋ" ಬರಬೇಕಿದ್ದ ಜಾಗ ಅದು. ತುಟಿಯವರೆಗೂ ಬಂದಿತ್ತು. ನನ್ನ ಕಡೆ ಒಮ್ಮೆ ನೋಡಿ ಅದನ್ನು ನುಂಗಿಕೊಂಡರು. "ಏನಪ್ಪಾ ಅಂದ್ರೆ" ಎಂಬುದನ್ನಂತೂ ಆ ದಿನ ಹೇಳಲೇ ಇಲ್ಲ. ಮುಪ್ಪಿನಲ್ಲಿ ಒಬ್ಬ ಮನುಷ್ಯ ತನ್ನ ಮಾತಿಗೆ ತಾನೇ ನಾಚುವ ಹಾಗೆ ಮಾಡಿದವನು ನಾನು. ಮುಂದೆ ಭಾವನ ಮೂಳೆ ಕೂಡಿಕೊಂಡಿತು, ತಿರುಗಾಟದ ಕೆಲಸವೂ ಕೊನೆಗೆ ಸಿಕ್ಕಿತು. ಆ ನುಂಗಿದ ಮಾತನ್ನು ವಾಪಸು ಕೊಡುವ ದಾರಿ ಮಾತ್ರ ನನಗೆ ಸಿಗಲಿಲ್ಲ.

ಆ ದಿನ ಇಂಜಿನಿಯರು ಹೋದ ಮೇಲೆ, ಯಾರಾದರೂ ಬೈದರೆ ಸಾಕೆಂದು ಕಾದು ಕೂತಿದ್ದೆ. ಕೊನೆಗೆ ತಡೆಯಲಾರದೆ, "ನಾಳೆ ನಾನೇ ಅಂಗಡೀಗೆ ಹೋಗಿ ಮಾಮೂಲಿ ಟೈರು ತರ್ತೀನಿ ಭಾವ," ಎಂದೆ.

ಭಾವ ಕಟ್ಟು ಹಾಕಿದ ಭುಜವನ್ನು ದಿಂಬಿಗೆ ಒರಗಿಸಿಕೊಂಡು, ಸೂರು ನೋಡುತ್ತ ಹೇಳಿದರು:

"ಬ್ಯಾಡ ಕಣಯ್ಯ. ನೀನು ಅಂಗಡೀಗೇ ಹೋಗ್ದೆ, ಬಾಗ್ಲಿಂದ ಟೈರ್ ತರ ಉರುಳ್ಕೊಂಡ್ ಬಂದುಬುಡ್ತೀಯ. ನಾವೂ ನಂಬ್ಕೊಂಡು ನಿನ್ನೇ ಗಾಡಿಗೆ ಹಾಕ್ಸ್‌ಬುಡ್ತೀವಿ."