ಲ್ಯಾಪ್‌ಟಾಪಿಗೆ ಗಾಳಿ ಹೊಡೆಸಿದ್ದು

ಮೊಮ್ಮಗಳು ಹುಟ್ಟಿದ್ದು ಕುವೈತಿನಲ್ಲಿ. ಸಕ್ಕರೆ ಹಂಚಿದ್ದು ಸಂಡೂರಿನಲ್ಲಿ. ಮಾತು ಬಿಟ್ಟಿದ್ದ ಎದುರು ಮನೆಯವಳ ಕೈಗೂ ಒಂದು ಹಿಡಿ ಹಾಕಿ ಬಂದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆ ದಿನದ ಸಂತೋಷ ಬರೆಯಲು ನನಗೆ ಬರುವ ಅಕ್ಷರ ಸಾಲುವುದಿಲ್ಲ.

ಬಾಣಂತನಕ್ಕೆ ವಿಮಾನ ಹತ್ತಿದವಳು ಮಾತ್ರ ನಾನಲ್ಲ, ಹೊಸಪೇಟೆಯ ಬೀಗಿತಿ, ನನ್ನ ಅಳಿಯನ ತಾಯಿ. "ನಿಮಗ ಇಂಗ್ಲಿಷ್ ಬರಂಗಿಲ್ಲ. ಏರ್‌ಪೋರ್ಟಿನ್ಯಾಗ ಕಳದೋದ್ರ ಹುಡುಕೋರು ಯಾರ್ರಿ?" ಎಂದು ನನ್ನ ಮನೆಯಲ್ಲೇ ಕುಳಿತು, ನನ್ನ ಚಹಾ ಕುಡಿದು ಹೇಳಿ ಹೋಗಿದ್ದಳು. ನನಗೆ ಉಳಿದದ್ದು ಅಳಿಯ ರಜೆಯಲ್ಲಿ ತಂದುಕೊಟ್ಟಿದ್ದ ಲ್ಯಾಪ್‌ಟಾಪು, ಮತ್ತು ಮಗಳು ಬಸುರಿಯಾಗಿದ್ದಾಗ ಕೊಟ್ಟ ಮಾತು. ತೊಟ್ಟಿಲಿಗೆ ಹಾಕುವ ದಿನ ಅವಳು ಅಲ್ಲಿ ತನ್ನ ಲ್ಯಾಪ್‌ಟಾಪನ್ನು ಮಗುವಿನ ಕಿವಿಗೆ ಹಿಡಿಯಬೇಕು, ನಾನು ಇಲ್ಲಿಂದ ನಮ್ಮವ್ವನ ಹೆಸರನ್ನು ಕರೆಯಬೇಕು. ನಮ್ಮವ್ವ ಗಣಿಯಲ್ಲಿ ಅದಿರು ಹೊತ್ತು ಹೊತ್ತು ನೆತ್ತಿ ಬೋಳಾಗಿ ಸತ್ತವಳು.

ತೊಟ್ಟಿಲಿಗೆ ಇನ್ನೊಂದು ವಾರವಿರುವಾಗ ನಮ್ಮ ಮನೆಯವರು ಪರದೆಯ ಮೇಲೆ ಮೂಡಿದ ಏನನ್ನೋ ಒತ್ತಿದರು. ಅಪ್‌ಡೇಟ್ ಅಂತೆ. ಮಧ್ಯಾಹ್ನವಿಡೀ ತಿರುಗಿತು. ಮತ್ತೆ ಹೊತ್ತಿಕೊಂಡಾಗ ಎಲ್ಲ ಇತ್ತು, ಮೈಕು ಸತ್ತಿತ್ತು. ಮಗಳು ಕಾಣುತ್ತಾಳೆ, ಅವಳ ಮಾತು ಕೇಳುತ್ತದೆ, ನನ್ನ ಮಾತು ಅಲ್ಲಿಗೆ ಮುಟ್ಟುವುದಿಲ್ಲ.

"ಅವ್ವಾ, ಕೇಳತೈತೇನು?" ಎಂದಳು. ನನ್ನ ಮಾತು ಹೋಗುತ್ತಿಲ್ಲವೆಂದು ನಾನು ಕೈಯಾಡಿಸಿದೆ. ನನಗೇ ಏನೂ ಕೇಳುತ್ತಿಲ್ಲವೆಂದು ಅಲ್ಲಿಯವರು ತಿಳಿದರು.

ಬೀಗಿತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ನನ್ನತ್ತ ನಗುತ್ತಲೇ ಸೊಸೆಗೆ ಹೇಳಿದಳು: "ಚಲೋ ಆತು ಬಿಡು, ಅಕಿ ಬಾಯಿ ದೇವ್ರ ಮುಚ್ಚಿದ. ಅದಿರು ಹೊತ್ತಾಕಿ ಹೆಸರು ನನ್ನ ಮೊಮ್ಮಗಳಿಗ್ಯಾಕ? ನೋಡಲ್ಲಿ ನಿಮ್ಮವ್ವನ್ನ, ನೀರಿಲ್ಲದ ಮೀನದಂಗ ಬಾಯಿ ಬಿಡಾಕತ್ಯಾಳ."

ಮಗಳು ನಕ್ಕಳು. ನನ್ನ ಮಗಳು.

"ಫೋನಿನ್ಯಾಗ ಕರೀತೀನಿ ಅಂದ್ರ ಏನ್ ಹೇಳ್ಲಿ ಅತ್ತಿ?"

"ಎಳೀ ಕಿವಿಗೆ ಮೊಬೈಲ್ ಹಿಡೀಬಾರದಂತ ಅನ್ನು. ನಂಬ್ತಾಳ."

ನಾನು ನಗುವನ್ನು ಕದಲಿಸಲಿಲ್ಲ. "ನಿನ್ನ ಬಾಯಾಗ ಲಾರಿ ಮಣ್ಣು ಬೀಳ್ಲಿ" ಎಂದು ಹಲ್ಲು ಕಿರಿದು ಕೈ ಬೀಸಿದೆ. ಆಕೆಯೂ ಬೀಸಿದಳು. ಮರುದಿನವೂ ಹಾಗೇ, ಮನಸಾರೆ ಬೈದೆ. ನಡುವೆ ಮಗು ಆಕಳಿಸಿತೆಂದರೆ ಬೈಗುಳ ಮರೆತು ಮಂಚದ ಮೇಲೇ ಕುಣಿಯುವಂತಾಗುತ್ತಿತ್ತು.

ನಮ್ಮ ಮನೆಯವರು ದೋಣಿಮಲೈ ಗಣಿಯಲ್ಲಿ ಡಂಪರ್ ಮೆಕ್ಯಾನಿಕ್ ಆಗಿದ್ದವರು. ಈ ಊರಿನಲ್ಲಿ ನಿಂತುಹೋದದ್ದೆಲ್ಲ ಧೂಳಿಗೇ ನಿಂತದ್ದು ಎನ್ನುವುದು ಅವರ ನಂಬಿಕೆ: ಫ್ಯಾನು, ಗಡಿಯಾರ, ಒಮ್ಮೆ ನನ್ನ ಉಸಿರು ಕೂಡ. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಪಂಕ್ಚರ್ ಅಂಗಡಿಗೆ ಒಯ್ದು, ಲಾರಿ ಟೈರಿಗೆ ಹಾಕುವ ಗಾಳಿಯನ್ನು ಮೈಕಿನ ತೂತಿಗೆ ಹೊಡೆಸಿಕೊಂಡು ಬಂದರು. ಕೆಂಪು ಧೂಳು ಎದ್ದದ್ದು ನಿಜ. ಜೊತೆಗೆ ಎದ್ದ ಕೀಬೋರ್ಡಿನ ಎರಡು ಗುಂಡಿಗಳನ್ನು ಜೇಬಿನಲ್ಲಿ ತಂದಿದ್ದರು.

"ನಿಮ್ಮ ತಲೀಗೂ ಒಂದೀಟು ಹೊಡಸ್ಕಂಡು ಬರಬೇಕಿತ್ತು" ಎಂದೆ.

"ಸುಮ್ನಿರು ಲೇ, ಫಿಲ್ಟರ್ ಕ್ಲೀನ್ ಆಗೇತಿ."

ಮೈಕು ಏಳಲಿಲ್ಲ. ಬಸ್ಸಿನಲ್ಲಿ ಅದಿರು ಲಾರಿಗಳ ಹಿಂದೆ ತೆವಳುತ್ತ ಹೊಸಪೇಟೆ ಮುಟ್ಟಿದೆವು. ಕಂಪ್ಯೂಟರ್ ಅಂಗಡಿಯವನು "ಯಜಮಾನ್ರ, ಇದು ಲಾರಿ ಅಲ್ರಿ" ಎಂದು ಇದ್ದ ಗಿರಾಕಿಗಳನ್ನೆಲ್ಲ ಕರೆದು ತೋರಿಸಿ ನಗಿಸಿದ. ಅಪ್‌ಡೇಟಿನಲ್ಲಿ ಮೈಕು ಬರೀ ಆಫ್ ಆಗಿತ್ತಂತೆ, ಸೆಟ್ಟಿಂಗಿನಲ್ಲಿ ಆನ್ ಮಾಡಿದ್ದರೆ ಮುಗಿಯುತ್ತಿತ್ತಂತೆ. ಗಾಳಿ ಹೊಡೆಸಿ ನಾವೇ ಅದನ್ನು ಕೊಂದಿದ್ದೆವು. ಸೆಟ್ಟಿಂಗ್ ಬದಲಾಯಿಸಿ, ಬಾಯಿಯ ಮುಂದೆ ಕಡ್ಡಿಯಂಥ ಮೈಕಿರುವ ಹೆಡ್‌ಫೋನು ಚುಚ್ಚಿಕೊಟ್ಟ. ನಾನು "ಹಲೋ" ಎಂದೆ. ಪರದೆಯಲ್ಲಿ ಹಸಿರು ಗೆರೆ ಟಣ್ಣನೆ ಜಿಗಿಯಿತು. ಇನ್ನೊಮ್ಮೆ ಎಂದೆ, ಮತ್ತೊಮ್ಮೆ ಎಂದೆ. ಅಂಗಡಿಯವನು ಕೈ ಮುಗಿದ. ದಾರಿಯಲ್ಲಿ ಮನೆಯವರಿಂದ ಆಣೆ ಮಾಡಿಸಿಕೊಂಡೆ: ಮಗಳಿಗೆ ಹೇಳಕೂಡದು.

ತೊಟ್ಟಿಲ ದಿನ ರೇಷ್ಮೆ ಸೀರೆ ಉಟ್ಟು, ಹೆಡ್‌ಫೋನಿನ ಮೇಲೆ ಸೆರಗು ಹೊದ್ದು ಕುಳಿತೆ. ಮೂಗಿ ಅಜ್ಜಿ ನೋಡಿಯಾದರೂ ಸಾಯಲಿ ಎಂದು ಲ್ಯಾಪ್‌ಟಾಪನ್ನು ತೊಟ್ಟಿಲ ಪಕ್ಕದಲ್ಲೇ ಇಟ್ಟಿದ್ದರು. ಅಲ್ಲಿರುವ ನಮ್ಮ ಕಡೆಯ ಹೆಂಗಸರು ಸುತ್ತ ನೆರೆದಿದ್ದರು. ಅಳಿಯನಿಗೆ ಅಕ್ಕತಂಗಿಯರಿಲ್ಲ, ಹೆಸರು ಕರೆಯುವವಳು ಬೀಗಿತಿಯೇ. ನಮ್ಮ ಕಡೆ ಹೆಸರು ಕರೆಯುವವರು ಬಾಗಿ ಮಗುವಿನ ಕಿವಿಯಲ್ಲಿ "ಕುರ್ರ್" ಎನ್ನುತ್ತಾರೆ, ಹೆಸರು ಬೀಳುತ್ತಲೇ ಉಳಿದ ಹೆಂಗಸರು ಅವರ ಬೆನ್ನಿಗೆ ಗುದ್ದುತ್ತಾರೆ. ಆಕೆ ಬಾಗಿದಳು. "ಕುರ್ರ್" ಎಂದಳು. ಹೆಸರಿಗೆಂದು ಉಸಿರೆಳೆದುಕೊಂಡಳು.

ಅಷ್ಟು ಸಾಕಾಯಿತು. ಈ ಗುಡ್ಡದಿಂದ ಆ ಗುಡ್ಡಕ್ಕೆ ಕರೆಯುವಂತೆ ನಮ್ಮವ್ವನ ಹೆಸರನ್ನು ಕೂಗಿದೆ. ಹೆಸರು ಬಿತ್ತೆಂದು ಹೆಂಗಸರು ಧಬಧಬ ಗುದ್ದಿಯೇ ಬಿಟ್ಟರು. ಹೆಸರು ನಮ್ಮದು, ಗುದ್ದು ಆಕೆಗೆ!

"ಮೀನ ಮಾತಾಡಾಕತ್ತೈತ್ರಿ ಬೀಗರ" ಎಂದೆ. "ಎಲ್ಲಾ ಕೇಳಸ್ತಿತ್ತು."

ಬೀಗಿತಿಯ ಮುಖದಲ್ಲಿ ರಕ್ತವಿರಲಿಲ್ಲ. ಮಗು ಬೆಚ್ಚಿ ಕಿರುಚುತ್ತಿತ್ತು. ಮಗಳು ಅದನ್ನೆತ್ತಿಕೊಂಡು ಪರದೆಯ ಹತ್ತಿರ ಬಂದಳು. "ಆ ಮೈಕ್ ಸತ್ತೇ ಇರಬೇಕಿತ್ತವ್ವಾ" ಎಂದು ಲ್ಯಾಪ್‌ಟಾಪು ಮುಚ್ಚಿದಳು.

"ಏನ್ ಸಾಧಿಸಿದಿ ಲೇ?" ಎಂದರು ಮನೆಯವರು.

"ಕಿವಿಗೆ ಬಿತ್ತಲ್ರಿ!"

ಪಾಸ್‌ಪೋರ್ಟಿನಲ್ಲಿ ಬೀಗಿತಿ ಆರಿಸಿದ್ದ ಹೆಸರೇ ಬಂತೆಂದು ಆಮೇಲೆ ತಿಳಿಯಿತು. ಅವತ್ತು ಮಾತ್ರ ನಾನು ಮತ್ತೆ ಸಕ್ಕರೆ ಡಬ್ಬಿ ಹಿಡಿದು ಓಣಿಗೆ ಇಳಿದೆ. ಮಗುವಿನ ಹೆಸರೇನೆಂದು ಕೇಳಿದವರಿಗೂ ಕೇಳದವರಿಗೂ ನಮ್ಮವ್ವನ ಹೆಸರನ್ನು ಹೇಳಿದೆ. ಮಗಳು ದೀಪಾವಳಿಯವರೆಗೆ ಫೋನ್ ಮಾಡಲಿಲ್ಲ.