ಅಜ್ಜಿ ಮಿಂದದ್ದು

ಮೈ ಒರೆಸಿಕೊಳ್ಳುವುದನ್ನು ಸ್ನಾನವೆಂದು ಕರೆಯಬಹುದೇ ಎಂಬ ಪ್ರಶ್ನೆ ಶಾಸ್ತ್ರಕಾರರನ್ನು ಕಾಡಿತ್ತೋ ಇಲ್ಲವೋ ನಾನರಿಯೆ. ನಮ್ಮ ಕುಟುಂಬವನ್ನಂತೂ ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಬಲವಾಗಿ ಕಾಡಿತು. ಬೆಳಗ್ಗೆ ನರ್ಸ್ ಬಂದು ಬೆಚ್ಚಗಿನ ಒದ್ದೆಬಟ್ಟೆಯಿಂದ ನನ್ನ ಅಜ್ಜಿಯ ಮೈಯನ್ನು ನಾಜೂಕಾಗಿ ಒರೆಸಿ, "ಸ್ನಾನ ಆಯ್ತಲ್ಲ ಅಜ್ಜಿ" ಎನ್ನುತ್ತಿದ್ದರು. ಅಜ್ಜಿ ಅವರನ್ನೇ ದಿಟ್ಟಿಸಿ, "ಮೇಜು ಒರೆಸಿದ ಹಾಗೆ ಒರೆಸಿದ್ರಿ. ಅದಕ್ಕೆ ಸ್ನಾನ ಹೇಳುದಾ?" ಎಂದು ಕೇಳುತ್ತಿದ್ದಳು.

ಓದುಗರೇ, ಈ ತಕರಾರಿನ ತೂಕ ತಿಳಿಯಬೇಕಾದರೆ ನೀವು ಪಂಜವೆಂಬ ನಮ್ಮ ಹಳ್ಳಿಯ ಮನೆಯಲ್ಲಿ ಅಜ್ಜಿ ಸಂಜೆ ಮೀಯುತ್ತಿದ್ದ ವೈಭವವನ್ನು ಕಂಡಿರಬೇಕಿತ್ತು. ಹಂಡೆಯ ನೀರು ಕುದಿಯುವುದಕ್ಕೆ ತುಸುವೇ ಬಾಕಿ ಇರುವಾಗ ಬಚ್ಚಲು ಹೊಕ್ಕವಳು, ಮನೆಮಂದಿಯೆಲ್ಲ ಅವಳನ್ನು ಮರೆತ ಮೇಲೆ, ಕೋರ್ಟಿನಲ್ಲಿ ವ್ಯಾಜ್ಯ ಗೆದ್ದವರಂತೆ ಕೆಂಪುಮುಖ ಹೊತ್ತು ಹೊಗೆಯ ನಡುವಿನಿಂದ ಪ್ರತ್ಯಕ್ಷಳಾಗುತ್ತಿದ್ದಳು. ಪುತ್ತೂರಿನ ದರ್ಬೆಯಲ್ಲಿರುವ ಬಾಡಿಗೆಮನೆಯಲ್ಲಿ ಅವಸರಕ್ಕೆ ನಾಲ್ಕು ಚೊಂಬು ಸುರಿದುಕೊಂಡು ಕಾಲೇಜಿಗೆ ಪಾಠ ಹೇಳಲು ಓಡುವ ನನ್ನದು ಅವಳ ಪ್ರಕಾರ ಕಾಗೆಸ್ನಾನ. ಸ್ನಾತಕನೆಂದರೆ ಮಿಂದವನೆಂದು ಅರ್ಥವಂತೆ. ಸ್ನಾತಕೋತ್ತರ ಪದವಿ ಪಡೆದೂ ನಾನು ಅವಳ ದೃಷ್ಟಿಯಲ್ಲಿ ಸರಿಯಾಗಿ ಮೀಯದವಳಾಗಿಯೇ ಉಳಿದೆ.

ಒಂದು ಬೆಳಗ್ಗೆ ಡಾಕ್ಟರು, ಮಿತಮಾತಿನ ತರುಣಿ, ಅಮ್ಮನನ್ನೂ ಮಾವನನ್ನೂ ನನ್ನನ್ನೂ ಹೊರಗೆ ಕರೆದರು. "ಅಜ್ಜಿಯ ಹೃದಯಕ್ಕೆ ತುಂಬಾ ಸುಸ್ತಾಗಿದೆ. ಔಷಧಿಯಲ್ಲಿ ಇನ್ನು ಹೆಚ್ಚಿಗೆ ಮಾಡ್ಲಿಕ್ಕೆ ಆಗುದಿಲ್ಲ. ಉಸಿರಿಗೆ ಕಷ್ಟ ಆಗದ ಹಾಗೆ ನೋಡಿಕೊಳ್ಳುವ," ಎಂದರು. ನಾವು ಮುಖ ಸರಿಪಡಿಸಿಕೊಂಡು ಒಳಗೆ ಹೋದೆವು. ಅಜ್ಜಿ ಆ ಮುಖಗಳನ್ನು ನೋಡಿಯೇ, "ಎಂತ ಹೇಳಿದ್ರು?" ಎಂದಳು. ಅಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಅವಳ ಕೈಹಿಡಿದು, "ಗುಣ ಆಗುದು ಕಷ್ಟ ಅಂತೆ," ಎಂದಳು. ಅಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ.

ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆಸ್ಪತ್ರೆಗೆ ಸೇರಿದಂದಿನಿಂದ ಎಲ್ಲರಿಗೂ ಅರ್ಥವಾಗಲೆಂದು ಕನ್ನಡವನ್ನೇ ಆಡುತ್ತಿದ್ದವಳು ಆಗ ಮನೆಮಾತಾದ ಅರೆಭಾಷೆಗೆ ಇಳಿದು, "ಹಂಗಾರೆ ನಂಗೆ ಮೀಯೊಕು," ಎಂದಳು. ಹಾಗಾದರೆ ತಾನು ಮೀಯಬೇಕು, ಅಷ್ಟೇ.

ಮಾವ, ಅಂದರೆ ಅಜ್ಜಿಯ ಏಕೈಕ ಪುತ್ರರತ್ನ, ತಟ್ಟನೆ ಎದ್ದುನಿಂತರು. "ಎದ್ದು ಕೂತರೇ ಏದುಸಿರು ಬರ್ತದೆ. ಅಲ್ಲಿ ಎಂತಾದ್ರೂ ಆದರೆ? ಮೀಯಿಸಿ ಕೊಂದರು ಅಂತ ಊರವರು ಹೇಳ್ತಾರೆ."

"ಮೀಯದೆ ಸತ್ತಳು ಅಂತ ಹೇಳುದಕ್ಕಿಂತ ಅದು ಅಡ್ಡಿಲ್ಲ," ಎಂದಳು ಅಜ್ಜಿ.

ಮಾವನ ಭಯ ನನಗೂ ಇತ್ತು. ನನ್ನ ಕೈಯಿಂದ ಸುರಿದ ಚೊಂಬೇ ಅವಳ ಕೊನೆಯದಾದರೆ? ಅಮ್ಮ ಕರೆತಂದ ಡಾಕ್ಟರು ಮಾತ್ರ ಅದನ್ನು ಕೇಳಿ ನಗಲಿಲ್ಲ, ಗದರಲೂ ಇಲ್ಲ. ಅಜ್ಜಿಯ ನಾಡಿ ಹಿಡಿದು ಯೋಚಿಸಿ, "ಆಕ್ಸಿಜನ್ ತೆಗಿಬಾರದು. ಕುರ್ಚಿಯಲ್ಲಿ ಕೂತೇ ಸ್ನಾನ. ಸಿಸ್ಟರ್ ಜೊತೆಗಿರ್ತಾರೆ. ಸಾಕು ಅಂದರೆ ಅಲ್ಲಿಗೇ ನಿಲ್ಲಿಸುದು," ಎಂದು ಒಪ್ಪಿಗೆ ಕೊಟ್ಟರು.

ಮಧ್ಯಾಹ್ನ ನಮ್ಮ ಮೆರವಣಿಗೆ ಹೊರಟಿತು: ಗಾಲಿಕುರ್ಚಿಯಲ್ಲಿ ಮಹಾರಾಣಿ, ಪಕ್ಕದಲ್ಲಿ ಸಿಲಿಂಡರ್ ಉರುಳಿಸುವ ನರ್ಸ್, ಹಿಂದೆ ಎಣ್ಣೆ ಬಟ್ಟಲು ಹಿಡಿದ ಅಮ್ಮ, ಮೈ ಒರೆಸುವ ಬೈರಾಸುಗಳನ್ನು ಹೆಗಲಿಗೇರಿಸಿ ಕುರ್ಚಿ ತಳ್ಳುವ ನಾನು. ಆ ಮಹಡಿಗೆಲ್ಲ ಇದ್ದದ್ದು ಒಂದೇ ಗೀಸರ್. ವಿರೋಧಪಕ್ಷದ ನಾಯಕರಾಗಿದ್ದ ಮಾವ ಯಾರೂ ಹೇಳದೆಯೇ ಕೋಣೆಯಿಂದ ಕೋಣೆಗೆ ಹೋಗಿ, "ಸ್ವಲ್ಪ ಹೊತ್ತು ಬಿಸಿನೀರು ಬಿಡಬೇಡಿ ಮಾರಾಯ್ರೆ, ನಮ್ಮಮ್ಮ ಮೀಯುದು ಉಂಟು," ಎಂದು ಕೈಮುಗಿದು ಬರುತ್ತಿದ್ದರು.

ಅಮ್ಮ ನೆತ್ತಿಗೆ ಎಣ್ಣೆ ತಟ್ಟಿದಳು. ನಾನು ಮೊದಲ ಚೊಂಬು ಹೆಗಲ ಮೇಲೆ ಸುರಿದೆ. ಅಜ್ಜಿ ಒಮ್ಮೆ ಬಿಕ್ಕಿದಳು, ಕಣ್ಣು ಮುಚ್ಚಿದಳು, ಅಲುಗಾಡಲಿಲ್ಲ. ನರ್ಸಿನ ಬೆರಳು ಅಜ್ಜಿಯ ಮಣಿಕಟ್ಟಿಗೆ ಹೋಯಿತು. ನನ್ನ ಕೈಯಲ್ಲಿದ್ದ ಚೊಂಬು ಗಾಳಿಯಲ್ಲೇ ನಿಂತಿತು. ಬಾಗಿಲಾಚೆಯಿಂದ ಮಾವ, "ಎಂತ ಆಯ್ತು?" ಎಂದರು.

ಅಜ್ಜಿ ಒಂದು ಕಣ್ಣು ತೆರೆದಳು. "ನಿಲ್ಲಿಸಿದ್ದು ಯಾಕೆ? ಹೊಯ್ಯಿ. ಬೆನ್ನು ಗಟ್ಟಿ ತಿಕ್ಕು."

ಹೊಯ್ದೆವು. ಹೆಸರುಹಿಟ್ಟು ಹಚ್ಚಿ ಬೆನ್ನು ತಿಕ್ಕಿದೆವು. ಮೂವರ ಬಟ್ಟೆಯೂ ತೊಯ್ದು, ಸಮವಸ್ತ್ರದ ನರ್ಸ್ ಕೂಡ ಅರ್ಧ ಸ್ನಾತಕಿಯಾದರು. ಕೊನೆಗೆ ನೆತ್ತಿಯ ಮೇಲೆ ನಿಧಾನವಾಗಿ ನೀರಿಳಿಸಿದಾಗ ಅಜ್ಜಿಯ ಗಂಟಲಿನಿಂದ ಹೊರಟ ಆ ತೃಪ್ತಿಯ ನಿಟ್ಟುಸಿರನ್ನು ಬರೆಯಲು ನನ್ನ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಸಂಜೆ ಡಾಕ್ಟರು ಬಂದಾಗ ಅವಳು ಒಗೆದ ಸೀರೆಯುಟ್ಟು, ಕೂದಲು ಹರಡಿಕೊಂಡು, ದಿಂಬಿಗೊರಗಿ, "ಇದು ಸ್ನಾನ," ಎಂದು ವಿವರಿಸಿದಳು. ಡಾಕ್ಟರು ತಲೆಯಾಡಿಸಿ ಒಪ್ಪಿಕೊಂಡರು.

ಕೆಲವು ದಿನಗಳ ನಂತರ, ಬಿಸಿಲೇರಿದ ಹೊತ್ತಿನಲ್ಲಿ, ಅಮ್ಮನ ಕೈ ಹಿಡಿದುಕೊಂಡಿದ್ದ ಅಜ್ಜಿಯ ಉಸಿರು ನಿಧಾನವಾಗಿ, ಸಂಕಟವಿಲ್ಲದೆ ನಿಂತಿತು. ಪಂಜದ ಮನೆಗೆ ಮಾತಾಡಿಸಲು ಬಂದವರೆಲ್ಲ ದನಿ ತಗ್ಗಿಸಿ, "ಕಡೆಗೆ ತುಂಬಾ ಕಷ್ಟ ಆಯ್ತಾ?" ಎಂದು ಕೇಳಿದರು. ಅಮ್ಮ ಬಾಯಿ ತೆರೆಯುವ ಮೊದಲೇ ಮಾವ ಎದೆಯುಬ್ಬಿಸಿ ಸ್ನಾನಪರ್ವವನ್ನು ಆರಂಭಿಸುತ್ತಿದ್ದರು. ದಿನದಿಂದ ದಿನಕ್ಕೆ ಅವರ ಕಥೆಯಲ್ಲಿ ನೀರು ಬಿಸಿಯಾಗುತ್ತ ಹೋಯಿತು, ಅವರ ಆಕ್ಷೇಪ ಆವಿಯಾಗುತ್ತ ಹೋಯಿತು. ಕೊನೆಕೊನೆಗೆ ಮೀಯಿಸಬೇಕೆಂದು ಹಟ ಹಿಡಿದವರೇ ಅವರು ಎಂಬಲ್ಲಿಗೆ ಬಂತು. ಅಮ್ಮ ತಿದ್ದಲಿಲ್ಲ. ಅಳುತ್ತ ನಗುತ್ತ ಒಂದೇ ಮಾತು ಸೇರಿಸುತ್ತಿದ್ದಳು:

"ತಲೆಗೂ ಹೊಯ್ದೆವು."